ಡಬ್ಬಿಗೊಂದು ಜಾಗ

ಮಗನಿಗೆ ಹೆಣ್ಣು ನೋಡಿ ನಿಶ್ಚಯ ಮಾಡಲು ನಮ್ಮ ಮನೆಯಲ್ಲಿ ಹಿಡಿದದ್ದು ಮೂರು ವಾರ. ಜೀಪಿನಲ್ಲಿ ಇನ್ವರ್ಟರ್ ಕೂರಿಸಲು ಜಾಗ ನೋಡಿ ನಿಶ್ಚಯ ಮಾಡಲು ಹಿಡಿದದ್ದು ಒಂದು ಇಡೀ ಮಳೆಗಾಲ. ಮಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂರುವವನು, ಆದ್ದರಿಂದ ಮೂರು ವಾರ. ಅವನೂ ನನ್ನ ಹಾಗೆ ಅಡಕೆ ತೋಟ ನೋಡಿಕೊಂಡು ಇಲ್ಲೇ ಇದ್ದಿದ್ದರೆ ಲೆಕ್ಕ ತಿರುಗುಮುರುಗಾಗಿ, ಇನ್ವರ್ಟರ್ ಕೂತು ತುಕ್ಕು ಹಿಡಿದ ಮೇಲೂ ನಾವು ಜಾತಕ ಹಿಡಿದುಕೊಂಡು ಅಲೆಯುತ್ತಿದ್ದೆವು. ಅದು ಬೇರೆ ಕಥೆ, ಬಿಡಿ.

ಮೊದಲು ಜೀಪಿನ ವಿಷಯ ಹೇಳಿಬಿಡುತ್ತೇನೆ. ನಮ್ಮ ಹೊಸನಗರದ ಕಡೆ ‘ಜೀಪಿನಲ್ಲಿ ಜಾಗ ಇಲ್ಲ’ ಎಂಬ ವಾಕ್ಯವೇ ಚಾಲ್ತಿಯಲ್ಲಿಲ್ಲ. ನನ್ನದೇ ಮದುವೆಯ ದಿಬ್ಬಣಕ್ಕೆ ಬಾಡಿಗೆಗೆ ಬಂದ ಜೀಪಿನಲ್ಲಿ ಹದಿನೇಳು ಜನ, ಎರಡು ಬಾಳೆಗೊನೆ, ಡೋಲಿನ ಸಮೇತ ಒಬ್ಬ ವಾಲಗದವನು ಇದ್ದರು. ಚಾಲಕನ ಅರ್ಧ ದೇಹ ಹೊರಗಿತ್ತು. ಇನ್ನೇನು ಹೊರಡಬೇಕು ಎನ್ನುವಾಗ ದೂರದಲ್ಲಿ ಓಡಿ ಬರುತ್ತಿದ್ದ ಸೋದರಮಾವನನ್ನು ಕಂಡು ಅವನು ಎಂಜಿನ್ ನಿಲ್ಲಿಸಿ, “ಬನ್ನಿ ಬನ್ನಿ, ಒಬ್ಬರಿಗೆ ಏನಾಯ್ತೀಗ” ಎಂದಿದ್ದ. ಅಂಥ ಕರ್ಣನಂಥ ವಾಹನದಲ್ಲಿ, ಕವಳದ ತಬಕಿನಷ್ಟು ಅಗಲದ ಒಂದು ಡಬ್ಬಿಗೆ ಜಾಗ ಸಿಗಲಿಲ್ಲ ಎಂದರೆ ನೀವು ನಂಬುವುದಿಲ್ಲ. ನಾನೂ ನಂಬಿರಲಿಲ್ಲ.

ಡಬ್ಬಿ ಯಾಕೆ ಬೇಕಾಯಿತು ಎಂದರೆ, ಮಗ ಸೊಸೆ ಇಬ್ಬರೂ ಪುನರ್ವಸು ಮಳೆಯಲ್ಲಿ ಊರಿಗೆ ಬಂದರು. ‘ಇಲ್ಲಿಂದಲೇ ಕೆಲಸ ಮಾಡ್ತೇವೆ ಅಪ್ಪಾ, ಮಳೆ ನೋಡಿದ ಹಾಗೂ ಆಯ್ತು’ ಎಂದರು. ಮಳೆಯನ್ನೇನೋ ಧಾರಾಳವಾಗಿ ನೋಡಿದರು. ಮೂರನೇ ದಿನ ಒಂದು ಹೆಬ್ಬಲಸು ತಂತಿಯ ಮೇಲೆ ಮಲಗಿತು, ಕರೆಂಟು ಹೋಯಿತು. ನಮ್ಮ ಮನೆ ಇರುವುದು ಶರಾವತಿಯ ಹಿನ್ನೀರಿನ ಅಂಚಿಗೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ನಮ್ಮ ಅಜ್ಜನ ಗದ್ದೆಗಳೆಲ್ಲ ಅದರಡಿ ಹೋದವು. ಆ ನೀರು ಕೆಳಗಿಳಿದು ಚಕ್ರ ತಿರುಗಿಸಿ 1,035 ಮೆಗಾವ್ಯಾಟ್ ಕೊಡಬಲ್ಲದು. ಆಚೆ ದಡದಲ್ಲಿ ಕಣ್ಣಿಗೆ ಕಾಣುವಷ್ಟು ಹತ್ತಿರ ದೊಡ್ಡ ದೊಡ್ಡ ಕಂಬಗಳ ಮೇಲೆ ಆ ಕರೆಂಟು ಬೆಂಗಳೂರಿನ ದಿಕ್ಕಿಗೆ ಹೋಗುತ್ತಿರುತ್ತದೆ. ಈಚೆ ದಡದಲ್ಲಿ ನಾವು ಚಿಮಣಿ ದೀಪದ ಗಾಜು ಒರೆಸುತ್ತಿರುತ್ತೇವೆ. ಮದುವೆಮನೆಯಲ್ಲಿ ಬಡಿಸಲು ನಿಂತವನಿಗೆ ಕೊನೆಗೆ ಪಾಯಸ ಸಿಗದ ಹಾಗೆ. ದೂರುತ್ತಿಲ್ಲ, ಅಭ್ಯಾಸವಾಗಿದೆ.

ಮನೆಯಲ್ಲಿ ಯು.ಪಿ.ಎಸ್. ಇದೆ. ಆದರೆ ಅದು ಒಂದೂವರೆ ದಿನಕ್ಕೆ ಕಣ್ಣು ಮುಚ್ಚುತ್ತದೆ, ಮತ್ತೆ ತುಂಬಿಸಲು ಕರೆಂಟೇ ಬೇಕು. ಆಗ ಮಗನಿಗೆ ಹೊಳೆದದ್ದು ಜೀಪು. ಓಡಿದಾಗಲೆಲ್ಲ ತನ್ನ ಬ್ಯಾಟರಿಯನ್ನು ತಾನೇ ತುಂಬಿಕೊಳ್ಳುವ ಸ್ವಾವಲಂಬಿ. ಅದಕ್ಕೊಂದು ಇನ್ವರ್ಟರ್ ಜೋಡಿಸಿದರೆ ಅಂಗಳದಲ್ಲೇ ಒಂದು ಸಣ್ಣ ವಿದ್ಯುದಾಗಾರ! ನಾಲ್ಕು ದಿನದಲ್ಲಿ ಕೊರಿಯರಿನಲ್ಲಿ ಆರುನೂರು ವ್ಯಾಟಿನ ಡಬ್ಬಿ ಪೇಟೆಯವರೆಗೆ ಬಂತು, ಅಲ್ಲಿಂದ ನನ್ನ ತೊಡೆಯ ಮೇಲೆ ಮನೆಗೆ ಬಂತು. ಅದರ ಕೆಲಸ ಸರಳ. ಬ್ಯಾಟರಿಯ 12 ವೋಲ್ಟನ್ನು 230 ವೋಲ್ಟಿಗೆ ಏರಿಸಿ, ಒಂದೇ ದಿಕ್ಕಿಗೆ ಹರಿಯುವ ಕರೆಂಟನ್ನು ಸೆಕೆಂಡಿಗೆ 50 ಸಲ ಹಿಂದಕ್ಕೂ ಮುಂದಕ್ಕೂ ಓಡಾಡಿಸುವುದು. ಮದುವೆಮನೆಗಳಲ್ಲಿ ನಮ್ಮ ಮೇಲಿನಮನೆ ಭಾವ ಓಡಾಡುವುದೂ ಹೆಚ್ಚುಕಡಿಮೆ ಅಷ್ಟೇ ಸಲ. ಡಬ್ಬಿಯ ಓಡಾಟದಿಂದ ಕೆಲಸ ಆಗುತ್ತದೆ ಎಂಬುದೊಂದೇ ವ್ಯತ್ಯಾಸ.

ಸೊಸೆ ಜಗಲಿಯಲ್ಲಿ ಕೂತು ಡಬ್ಬಿಯ ಜೊತೆ ಬಂದ ಪುಸ್ತಿಕೆಯನ್ನು ಗಟ್ಟಿಯಾಗಿ ಓದಿದಳು. “ಮಾವ, ಇದನ್ನ ಒಣಗಿದ, ತಂಪಾದ, ಗಾಳಿ ಆಡುವ ಜಾಗದಲ್ಲಿ ಇಡ್ಬೇಕಂತೆ.”

ಜಗಲಿಯಲ್ಲಿದ್ದ ನಾವೆಲ್ಲ ಸುಮ್ಮನಾದೆವು. ಆಷಾಢದಲ್ಲಿ, ನಮ್ಮೂರಲ್ಲಿ, ಒಣಗಿದ ತಂಪಾದ ಗಾಳಿಯಾಡುವ ಜಾಗ! ಅಂಥದ್ದೊಂದು ಇದ್ದಿದ್ದರೆ ನಾವು ಅಲ್ಲಿ ಬಟ್ಟೆ ಹರವುತ್ತಿದ್ದೆವು, ಹಪ್ಪಳ ಇಡುತ್ತಿದ್ದೆವು, ನಾನಂತೂ ಹಾಸಿಗೆ ಹಾಸಿಕೊಂಡು ಮಲಗಿಬಿಡುತ್ತಿದ್ದೆ. ಇಡೀ ಮನೆಯಲ್ಲಿ ಒಣಗಿದ ಜಾಗ ಎಂದರೆ ಒಲೆಯ ಮೇಲಿನ ಅಟ್ಟ. ಅದು ತಂಪಿಲ್ಲ. ತಂಪಾದ ಜಾಗ ಉಳಿದದ್ದೆಲ್ಲ. ಅದು ಒಣಗಿಲ್ಲ.

ಮೇಲಿನಮನೆ ಭಾವ ಕವಳ ಮಡಿಸುತ್ತ ಶಾಸ್ತ್ರಕ್ಕೆ ಕೈ ಹಾಕಿದರು. “ಬೆಂಕಿಗೆ ಸಂಬಂಧಪಟ್ಟದ್ದು ಆಗ್ನೇಯದಲ್ಲೇ ಇರಬೇಕು ಮಾರಾಯ, ಅಡುಗೆಮನೆ ಇದ್ದ ಹಾಗೆ.” ಸರಿಯೇ. ಆದರೆ ಜೀಪಿಗೆ ಆಗ್ನೇಯ ಎಲ್ಲಿ? ಹೋಗುವಾಗ ಒಂದು ಮೂಲೆ ಆಗ್ನೇಯ, ಬರುವಾಗ ಅದರ ಎದುರಿನ ಮೂಲೆ. ಹುಲಿಕಲ್ ಘಾಟಿಯ ತಿರುವುಗಳಲ್ಲಂತೂ ನಿಮಿಷಕ್ಕೊಂದು ಸಲ ಆಗ್ನೇಯವನ್ನು ಬಿಚ್ಚಿ ಕಟ್ಟಬೇಕಾದೀತು. ಭಾವ ಸ್ವಲ್ಪ ಹೊತ್ತು ಯೋಚಿಸಿ, “ನಿಲ್ಲಿಸಿದಾಗ ನೋಡಿಕೊಂಡರಾಯ್ತು” ಎಂದು ಉಗುಳಲು ಎದ್ದರು.

ನಾನು ಶಾಸ್ತ್ರ ಬಿಟ್ಟು ಬುದ್ಧಿಗೆ ಕೈ ಹಾಕಿದೆ. ಅದು ಇನ್ನೂ ಅಪಾಯ. ಬ್ಯಾಟರಿ ಇರುವುದು ಬಾನೆಟ್ಟಿನ ಕೆಳಗೆ, ಆದ್ದರಿಂದ ಡಬ್ಬಿಯೂ ಅಲ್ಲೇ, ಪಕ್ಕದಲ್ಲೇ ಇರಲಿ ಎಂದೆ. ದೀಪದ ಪಕ್ಕ ಎಣ್ಣೆ. ಪೇಟೆಯಿಂದ ಬಂದ ವೈರಿಂಗ್ ಹುಡುಗ ಬಾನೆಟ್ಟು ಎತ್ತಿ ಹಿಡಿದುಕೊಂಡೇ ನನ್ನ ಮುಖ ನೋಡಿದ. “ಅಣ್ಣಾ, ನಿಮ್ಮನ್ನ ಒಳಗೆ ಕೂರಿಸಿ ಬಾನೆಟ್ ಹಾಕಿ ಘಾಟಿ ಹತ್ತಿಸಿದ್ರೆ ಹೇಗಿರ್ತೀರಿ?” ಎಂದ. ಎಂಜಿನ್ನಿನ ಕಾವಿಗೆ ಡಬ್ಬಿ ಬೆಂದುಹೋಗುತ್ತದೆ. ಹಳ್ಳ ದಾಟುವಾಗ ರೇಡಿಯೇಟರಿನ ಫ್ಯಾನು ನೀರು ಎತ್ತಿ ಒಳಗೆಲ್ಲ ಅಭಿಷೇಕ ಮಾಡುತ್ತದೆ. ಸಾಲದ್ದಕ್ಕೆ, ತುಂಬುವಾಗ ಬ್ಯಾಟರಿ ಹೈಡ್ರೋಜನ್ ಬಿಡುತ್ತದೆ, ಪಕ್ಕದಲ್ಲಿ ಒಂದು ಕಿಡಿ ಹಾರಿದರೆ ಮುಗಿಯಿತು. ಹತ್ತಿರ ಇರಬೇಕು, ಆದರೆ ಒಂದೇ ಕೋಣೆಯಲ್ಲಿ ಇರಬಾರದು. ನನಗೆ ಕೂಡಲೇ ಅರ್ಥವಾಯಿತು. ನನ್ನ ಅಮ್ಮನಿಗೂ ಹೆಂಡತಿಗೂ ಅಡುಗೆಮನೆಯ ವಿಷಯದಲ್ಲಿ ನಾವು ಮೂವತ್ತು ವರ್ಷದಿಂದ ನಡೆಸಿಕೊಂಡು ಬಂದದ್ದು ಇದೇ ಏರ್ಪಾಡು.

ಹುಡುಗ ನಾಳೆ ಬರುತ್ತೇನೆ ಎಂದು ಹೋದ. ನಮ್ಮಲ್ಲಿ ನಾಳೆ ಎಂದರೆ ಮಳೆ ಬಿಟ್ಟ ಮೇಲೆ ಎಂದು ಅರ್ಥ. ತಾಳ್ಮೆಯಿಲ್ಲದ ನಾನು ಆ ಸಂಜೆ ಸ್ವಯಂ ಕಾರ್ಯಾಚರಣೆಗೆ ಇಳಿದೆ. ಜೀಪಿನ ಹಿಂಬದಿಯಲ್ಲಿ, ಬಾಗಿಲ ಹತ್ತಿರ, ಬೇಕಾದಷ್ಟು ಜಾಗ ಇತ್ತು. ಗೊಬ್ಬರದ ಚೀಲ ಇಡುವ ಜಾಗ, ಡಬ್ಬಿಗೆ ಸಾಲದೆ? ಮನೆ ವೈರಿಂಗ್ ಮಾಡಿಸಿದಾಗ ಉಳಿದ ಎರಡೂವರೆ ಚದರ ಮಿಲಿಮೀಟರಿನ ವಯರು ಅಟ್ಟದ ಮೇಲೆ ಇತ್ತು. ಅದನ್ನೇ ಬಾನೆಟ್ಟಿನಿಂದ ಹಿಂಬಾಗಿಲವರೆಗೆ ಹನ್ನೆರಡು ಅಡಿ ಎಳೆದೆ. ವಯರು ಹೊಸದು, ಕೆಂಪು ಕಪ್ಪು ಎರಡೂ ಇದೆ, ಇನ್ನೇನು ಬೇಕು?

ಉದ್ಘಾಟನೆ ಮಿಕ್ಸಿಯಿಂದಲೇ ಆಗಲಿ ಎಂದು ಹೆಂಡತಿ ಅಂದಳು. ಐನೂರು ವ್ಯಾಟಿನ ಮಿಕ್ಸಿ, ಡಬ್ಬಿ ಆರುನೂರು, ಲೆಕ್ಕ ಸರಿಹೋಗುತ್ತದೆ ಎಂದು ನಾನೂ ಅಂದೆ. ತೆಂಗಿನಕಾಯಿ, ಹಸಿಮೆಣಸು, ಶುಂಠಿ ಜಾರಿಗೆ ಬಿತ್ತು. ಕೊಟ್ಟಿಗೆಯ ಮಾಡಿನ ಕೆಳಗೆ ಮನೆಯವರೆಲ್ಲ ಕೊಡೆ ಹಿಡಿದು ಸೇರಿದರು. ಗುಂಡಿ ತಿರುಗಿಸಿದೆ. ಮಿಕ್ಸಿ ಕರು ಹಾಕುವ ಎಮ್ಮೆಯ ಹಾಗೆ ಒಮ್ಮೆ ನರಳಿತು. ಡಬ್ಬಿ ಕುಂಯ್ ಕುಂಯ್ ಎಂದು ಅತ್ತು ಕೆಂಪು ಕಣ್ಣು ಬಿಟ್ಟಿತು. ಮತ್ತೆ ತಿರುಗಿಸಿದೆ, ಮತ್ತೆ ನರಳಾಟ, ಮತ್ತೆ ಅಳು. ನಾಲ್ಕನೇ ಸಲಕ್ಕೆ ಸುಟ್ಟ ರಬ್ಬರಿನ ವಾಸನೆ ಬಂತು. ವಯರು ಮುಟ್ಟಿದೆ, ಕೈ ತೆಗೆದೆ. ಅಮ್ಮ ಏನೂ ಹೇಳದೆ ಜಾರಿನಲ್ಲಿದ್ದದ್ದನ್ನು ಬಟ್ಟಲಿಗೆ ಬಗ್ಗಿಸಿಕೊಂಡು ಒರಳಿನ ಕಡೆ ನಡೆದಳು. ಎಪ್ಪತ್ತೊಂಬತ್ತು ವರ್ಷದವಳು. ಏನಾದರೂ ಹೇಳಿದ್ದರೆ ಇಷ್ಟು ಅವಮಾನ ಆಗುತ್ತಿರಲಿಲ್ಲ.

ಮರುದಿನ ಮಗ ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದ. ಐನೂರು ವ್ಯಾಟನ್ನು 230 ವೋಲ್ಟಿನಲ್ಲಿ ಕೇಳಿದರೆ ಎರಡು ಆಂಪಿಯರ್ ಚಿಲ್ಲರೆ, ಬೆರಳುಗಾತ್ರದ ಮಾತೇ ಬೇಡ, ದಾರದಂಥ ವಯರೂ ಸಾಕು. ಅದನ್ನೇ 12 ವೋಲ್ಟಿನ ಬ್ಯಾಟರಿಯಿಂದ ಎಳೆದರೆ, ಡಬ್ಬಿ ತಾನು ನುಂಗುವ ಪಾಲೂ ಸೇರಿ ಹತ್ತಿರ ಹತ್ತಿರ ಐವತ್ತು ಆಂಪಿಯರ್. ಮೋಟರು ಹೊರಡುವ ಗಳಿಗೆಯಲ್ಲಿ ಅದರ ಎರಡು ಮೂರು ಪಟ್ಟು. ನಾನು ಎಳೆದ ಸಣಕಲು ವಯರಿನಲ್ಲಿ ಹೋಗಿ ಬರುವ ದಾರಿಯಲ್ಲೇ ಎರಡೂವರೆ ವೋಲ್ಟು ಸೋರಿಹೋಗಿತ್ತು. ಬ್ಯಾಟರಿಯಿಂದ ಹೊರಟಾಗ ಹನ್ನೆರಡು, ಡಬ್ಬಿಗೆ ಮುಟ್ಟಿದಾಗ ಒಂಬತ್ತೂವರೆ. ಹತ್ತೂವರೆಗಿಂತ ಕೆಳಗಿಳಿದರೆ ಅದು ಬಾಗಿಲು ಹಾಕಿಕೊಳ್ಳುತ್ತದೆ. ಸೋರಿದ್ದು ಎಲ್ಲಿ ಹೋಯಿತು? ವಯರಿನ ಬಿಸಿಯಾಗಿ ನನ್ನ ಬೆರಳಿಗೆ ಬಂತು.

ಇದನ್ನು ಕೇಳುತ್ತಿದ್ದಾಗ ನನಗೆ ಶಿವನಸಮುದ್ರ ನೆನಪಾಯಿತು. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕರೆಂಟು ಮುಟ್ಟಿಸಿದರಲ್ಲ, ಆಗ ಅವರು ಮಾಡಿದ್ದೂ ಇದೇ ಲೆಕ್ಕ. ಮೊದಲು ವೋಲ್ಟನ್ನು ಸಾವಿರ ಸಾವಿರವಾಗಿ ಏರಿಸಿ, ಆಮೇಲೆ ದೂರ ಕಳಿಸಿದರು. ದೂರ ಹೋಗಬೇಕಾದ ಕರೆಂಟು ಎತ್ತರದಲ್ಲಿ ಹೋಗಬೇಕು, ತಗ್ಗಿನಲ್ಲಿ ಹೋದರೆ ದಾರಿಯಲ್ಲೇ ಇಂಗುತ್ತದೆ. ತೋಟಕ್ಕೆ ದೋಣಿಯಲ್ಲಿ ನೀರು ಹಾಯಿಸುವವನಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಹಾಗಾಗಿ ಬ್ಯಾಟರಿಯಿಂದ ಡಬ್ಬಿಗೆ ದಾರಿ ಗಿಡ್ಡ ಇರಲಿ, ವಯರು ದಪ್ಪ ಇರಲಿ. ಡಬ್ಬಿಯಿಂದಾಚೆಗೆ ನಲವತ್ತು ಅಡಿ ಬೇಕಾದರೂ ಎಳೆಯಿರಿ. ನಾನು ಮಾಡಿದ್ದು ಪಕ್ಕಾ ಉಲ್ಟಾ. ಡಬ್ಬಿಯನ್ನು ಹಿಂದೆ ಇಟ್ಟು, ಮಿಕ್ಸಿಯನ್ನು ಅದರ ಮುಖಕ್ಕೇ ಒತ್ತಿ ಕೂರಿಸಿದ್ದೆ. ನೂರಿಪ್ಪತ್ತು ವರ್ಷದ ಹಿಂದೆ ನಮ್ಮ ರಾಜ್ಯದಲ್ಲೇ ಬಗೆಹರಿದ ಪ್ರಶ್ನೆಗೆ ನಾನು ಹೊಸದಾಗಿ ತಪ್ಪು ಉತ್ತರ ಕಂಡುಹಿಡಿದಿದ್ದೆ.

ಸರಿ, ಹತ್ತಿರ ಬೇಕು, ಎಂಜಿನ್ ಕೋಣೆಯಲ್ಲಿ ಬೇಡ. ಹಾಗಿದ್ದರೆ ಚಾಲಕನ ಸೀಟಿನ ಕೆಳಗೆ? ಅಲ್ಲಿ ಆಗಲೇ ಒಬ್ಬರು ವಾಸವಾಗಿದ್ದಾರೆ: ಡೀಸೆಲ್ ಟ್ಯಾಂಕು. ಇದು ಎರಡನೇ ಮಹಾಯುದ್ಧದ ವಿಲೀಸ್ ಜೀಪಿನಿಂದ ಬಂದ ಕುಲಾಚಾರ. 1947ರಲ್ಲಿ ಮಹೀಂದ್ರದವರು ಬೊಂಬಾಯಿಯಲ್ಲಿ ವಿಲೀಸ್ ಜೀಪುಗಳನ್ನು ಜೋಡಿಸಲು ಶುರುಮಾಡಿದಾಗ ಆಚಾರವೂ ಹಡಗಿನಲ್ಲಿ ಜೊತೆಗೇ ಬಂತು. ಗುಂಡು ಹಾರುವ ಯುದ್ಧಭೂಮಿಗೆಂದು ಗಾಡಿ ಮಾಡಿ, ಓಡಿಸುವವನನ್ನು ಪೆಟ್ರೋಲಿನ ಡಬ್ಬದ ಮೇಲೆ ಕೂರಿಸಿದ ಆ ಮಹಾನುಭಾವನ ತಲೆ ಎಂಥದ್ದಿರಬೇಕು! ನನ್ನ ಹಳೆಯ ಜೀಪಿನಲ್ಲಿ ನಾನೂ ಇಪ್ಪತ್ತು ವರ್ಷದಿಂದ ಟ್ಯಾಂಕಿನ ಮೇಲೇ ಕೂತಿದ್ದೇನೆ. ಅಲ್ಲಿಗೆ ಡ್ರಿಲ್ ತಗೊಂಡು ಹೊರಟಿದ್ದೆ ಎಂಬುದನ್ನು ಹೆಂಡತಿಗೆ ಈವರೆಗೂ ಹೇಳಿಲ್ಲ, ನೀವೂ ಹೇಳಬೇಡಿ.

ಡ್ಯಾಶ್‌ಬೋರ್ಡಿನ ಕೆಳಗೆ, ಎಡಗಡೆ, ಎರಡು ದಿನ ಇತ್ತು. ಆ ಸೀಟು ಅಮ್ಮನದು. ಪೇಟೆಗೆ ಹೊರಟರೆ ಅವಳ ಕಾಲ ಬಳಿ ಸೌತೆಕಾಯಿ ಚೀಲ, ಮೊಸರಿನ ಗಿಂಡಿ, ಯಾರಿಗೋ ಕೊಡಬೇಕಾದ ಡೇರೆಗೆಡ್ಡೆ, ಇವೆಲ್ಲ ಇರಲೇಬೇಕು. ಮೊದಲ ದಿನ ಮೊಣಕಾಲು ತಾಗಿತು. ಎರಡನೇ ದಿನ ಹಳ್ಳದ ದಿಣ್ಣೆಯಲ್ಲಿ ಗಿಂಡಿ ಹಾರಿ, ಮೊಸರು ಡಬ್ಬಿಯ ಜಾಲರಿಗೆ ಒಂದು ಬೆರಳು ದೂರದಲ್ಲಿ ಚೆಲ್ಲಿತು. ಅಲ್ಲದೆ ನಮ್ಮ ಜೀಪಿನ ಟರ್ಪಾಲು ಸೋರುವುದೂ ಸರಿಯಾಗಿ ಅಲ್ಲೇ, ಗಾಜಿನ ಚೌಕಟ್ಟಿನ ಸಂದಿಯಲ್ಲಿ. ಸೋರದ ಜೀಪು ಉಂಟೇ ಎಂದು ಕೇಳಬೇಡಿ. ಎಲ್ಲಿ ಸೋರುತ್ತದೆ ಎಂದು ಗೊತ್ತಿರುವ ಜೀಪು, ಗೊತ್ತಿಲ್ಲದ ಜೀಪು, ಇಷ್ಟೇ ಜಾತಿ. “ಅಪ್ಪೀ, ಇದನ್ನ ಇಲ್ಲಿಂದ ತೆಗಿ, ನನ್ನ ಕಾಲಿಗೆ ಬುಸ್ ಅಂತದೆ” ಎಂದಳು ಅಮ್ಮ. ತೆಗೆದೆ.

ನಿತ್ತೂರಿನ ಕಡೆ ಕೊಡಚಾದ್ರಿಗೆ ಪ್ರವಾಸಿಗಳನ್ನು ಹತ್ತಿಸುವ ಒಬ್ಬ ಜೀಪಿನವ ನನ್ನ ಪರಿಚಯದವನು. ಅವನನ್ನು ಕೇಳಿದೆ. ಆ ದಾರಿಯಲ್ಲಿ ಜೀಪು ಓಡುವುದಿಲ್ಲ, ಕುಣಿಯುತ್ತದೆ. ಒಳಗಿದ್ದವರ ತಿಂಡಿಯೂ ಕುಣಿಯುತ್ತದೆ. ಅವನ ಉಪದೇಶ ಚಿಕ್ಕದು. “ಗಟ್ಟಿ ಕಟ್ಟಿದ್ದೆಲ್ಲ ಅಲ್ಲಿ ಬಿಚ್ಚುತ್ತೆ. ಏನೇ ಕೂರಿಸಿದ್ರೂ ಕೆಳಗೆ ರಬ್ಬರ್ ಕೊಡಿ, ನಟ್ಟಿಗೆ ಸ್ಪ್ರಿಂಗ್ ವಾಷರ್ ಹಾಕಿ. ತಗಡಿಗೆ ನೇರ ಹೊಡೆದ್ರೆ ಡಬ್ಬಿ ಉಳೀತದೆ, ಒಳಗಿಂದು ಉಳಿಯಲ್ಲ.” ಎಷ್ಟೋ ಸಂಸಾರಗಳ ಬಗ್ಗೆಯೂ ಅವನು ಹೀಗೇ ಮಾತಾಡಬಲ್ಲ. ಆದರೆ ನಾನು ಕೇಳಿದ್ದು ಡಬ್ಬಿಯ ಬಗ್ಗೆ.

ಕೊನೆಗೆ ಜಾಗ ಸಿಕ್ಕಿದ್ದು ಪಾನಾ ಡಬ್ಬಿ ಹುಡುಕುವಾಗ. ಎಡ ಸೀಟಿನ ಕೆಳಗೆ ಸಾಮಾನು ಪೆಟ್ಟಿಗೆ ಇದೆ. ಅದನ್ನು ಪೂರ್ತಿ ಖಾಲಿ ಮಾಡಿದ್ದು ಜೀಪು ಕೊಂಡ ಮೇಲೆ ಅದೇ ಮೊದಲು. ಎರಡು ತುಕ್ಕು ಪಾನಾ, ಒಂದು ಗರಗಸ, 2009ರ ಮದುವೆಯ ಕಾಗದ (ಆ ಮದುವೆಗೆ ನಾವು ಹೋಗಿರಲಿಲ್ಲ, ಕರೆದೇ ಇಲ್ಲ ಎಂದು ಇಷ್ಟು ವರ್ಷ ಮುನಿಸು ಬೇರೆ), ಹೆಂಡತಿಯ ಒಂದು ಕೊಡೆ, ಇಲಿ ಮಾಡಿದ ಗೂಡು. ಪೆಟ್ಟಿಗೆಯ ಒಳಗೇ ಇಡೋಣ ಎಂದೆ. ಆ ಹೊತ್ತಿಗೆ ಸರಿಯಾಗಿ ಮಳೆ ಬಿಟ್ಟು, ‘ನಾಳೆ’ ಬಂದು, ವೈರಿಂಗ್ ಹುಡುಗನೂ ಬಂದ. ಮುಚ್ಚಿದ ಪೆಟ್ಟಿಗೆಯಲ್ಲಿ ಉಸಿರು ಕಟ್ಟುತ್ತದೆ ಎಂದ. ಒಳಗೆ ಬೇಡ, ಅದರ ಬೆನ್ನಿಗೆ ಹೊಡೆಯೋಣ ಎಂದು ಕೈಯಿಟ್ಟು ತೋರಿಸಿದ. ಸೀಟಿನ ಹಿಂದೆ, ನೆಟ್ಟಗೆ ನಿಂತ ತಗಡು. ನೆಲದಿಂದ ಒಂದು ಗೇಣು ಮೇಲೆ, ಹಳ್ಳದ ನೀರು ಒಳಗೆ ನುಗ್ಗಿದರೂ ಮುಟ್ಟುವುದಿಲ್ಲ. ಮೇಲಿನಿಂದ ಸೋರುವುದಿಲ್ಲ, ಸೀಟೇ ಕೊಡೆ. ಯಾರ ಮೊಣಕಾಲೂ ಇಲ್ಲ. ಬ್ಯಾಟರಿಯೂ ಎಡಗಡೆಯೇ, ಐದೂವರೆ ಅಡಿ ದಾರಿ. ನಾನು ಒಂದು ಮಳೆಗಾಲ ಹುಡುಕಿದ ಜಾಗವನ್ನು ಅವನು ಒಂದು ಬೀಡಿ ಮುಗಿಯುವುದರೊಳಗೆ ಹುಡುಕಿದ.

ಹಲಸಿನ ಹಲಗೆಯೊಂದನ್ನು ನಾನೇ ಕೊಯ್ದು ಕೊಟ್ಟೆ. ಈ ಇಡೀ ಯೋಜನೆಗೆ ನನ್ನ ನಿರಪಾಯ ಕೊಡುಗೆ ಅದೊಂದೇ. ಹಲಗೆಯ ಹಿಂದೆ ಹಳೆಯ ಟ್ಯೂಬಿನ ರಬ್ಬರು, ಹದಿನಾರು ಚದರ ಮಿಲಿಮೀಟರಿನ ಕಿರುಬೆರಳು ಗಾತ್ರದ ವಯರು, ಅದು ತಗಡು ತೂರುವಲ್ಲಿ ರಬ್ಬರಿನ ಬಳೆ, ಬ್ಯಾಟರಿಯ ಬುಡದಲ್ಲೇ 80 ಆಂಪಿಯರಿನ ಫ್ಯೂಸು. ಫ್ಯೂಸು ಡಬ್ಬಿಯ ಹತ್ತಿರ ಇರಲಿ, ಕೈಗೆ ಸಿಗುತ್ತದೆ ಎಂದಿದ್ದೆ. ನಡುದಾರಿಯಲ್ಲಿ ವಯರು ಉಜ್ಜಿ ತಗಡಿಗೆ ತಾಗಿದರೆ ಕೊನೆಯಲ್ಲಿರುವ ಫ್ಯೂಸು ಏನು ಮಾಡೀತು? ಕಳ್ಳ ಬರುವುದು ಬೇಲಿಯಲ್ಲಿ, ನಾಯಿ ಕಟ್ಟುವುದು ಅಡುಗೆಮನೆಯಲ್ಲಿ ಎಂಬಂತೆ. ಹುಡುಗ ಹಾಗೆ ಹೇಳಲಿಲ್ಲ, ನಕ್ಕ ಅಷ್ಟೆ.

ಮೇಲಿನಮನೆ ಭಾವ ಒಂದು ಕೊನೆಯ ಸಲಹೆ ಕೊಟ್ಟರು. ಡಬ್ಬಿಯ ವಯರನ್ನು ಜಗಲಿಯ ಪ್ಲಗ್ಗಿಗೇ ಸಿಕ್ಕಿಸಿದರೆ ಇಡೀ ಮನೆಗೆ ದೀಪ ಬರುತ್ತದಲ್ಲ! ಇದಕ್ಕೆ ಮಾತ್ರ ಹುಡುಗ ನಗಲಿಲ್ಲ. ಕರೆಂಟು ಮೀಟರು ದಾಟಿ ಹಿಂದಕ್ಕೆ ಲೈನಿಗೆ ಹೋಗುತ್ತದೆ, ಕಂಬದ ಮೇಲಿನ ಟ್ರಾನ್ಸ್‌ಫಾರ್ಮರು ಅದನ್ನು ಸಾವಿರಾರು ವೋಲ್ಟಿಗೆ ಏರಿಸುತ್ತದೆ. ಲೈನು ಸತ್ತಿದೆ ಎಂದು ನಂಬಿ ಮಳೆಯಲ್ಲಿ ಕಂಬ ಹತ್ತಿದ ಲೈನ್‌ಮನ್ ಅಲ್ಲೇ ಉಳಿಯುತ್ತಾನೆ. ಭಾವ ಕವಳ ಅಗಿಯುವುದನ್ನು ನಿಲ್ಲಿಸಿದರು. ಆ ಲೈನ್‌ಮನ್ ಅವರ ಮನೆಯಲ್ಲೇ ಎಷ್ಟೋ ಸಲ ಮಧ್ಯಾಹ್ನದ ಊಟ ಮಾಡಿದವನು.

ಈಗ ಜೀಪು ಅಂಗಳದ ಇಳಿಜಾರಿನಲ್ಲಿ ನಿಲ್ಲುತ್ತದೆ. ಇಳಿಜಾರು ಯಾಕೆಂದರೆ, ಲ್ಯಾಪ್‌ಟಾಪು, ರೂಟರು, ಎರಡು ದೀಪ ಸೇರಿ ನೂರು ವ್ಯಾಟು ಹಚ್ಚಿಟ್ಟರೆ ನಮ್ಮ 80 ಆಂಪಿಯರ್-ಅವರ್ ಬ್ಯಾಟರಿ ನಾಲ್ಕು ಗಂಟೆಯಲ್ಲಿ ಅರ್ಧಕ್ಕಿಳಿಯುತ್ತದೆ. ಡಬ್ಬಿ ‘ಸಾಕು’ ಎಂದು ಕುಂಯ್‌ಗುಡುವವರೆಗೂ ಬಿಟ್ಟರೆ ಸೆಲ್ಫ್ ಹೊಡೆಯಲು ಏನೂ ಉಳಿದಿರುವುದಿಲ್ಲ. ಆಗ ಗೇರಿಗೆ ಹಾಕಿ ಇಳಿಜಾರಿನಲ್ಲಿ ಬಿಡುವುದು. ಮಲೆನಾಡಿನ ಜೀಪಿಗೆ ಗುಡ್ಡವೇ ಎರಡನೇ ಬ್ಯಾಟರಿ. ಡಬ್ಬಿಯಿಂದ ಜಗಲಿಯವರೆಗೆ ನಲವತ್ತು ಅಡಿ ವಯರು, ಶಿವನಸಮುದ್ರದ ಮಾದರಿ. ಮಿಕ್ಸಿಯ ಸುದ್ದಿಯನ್ನು ಯಾರೂ ಎತ್ತುವುದಿಲ್ಲ.

ಮತ್ತೆ ಮಳೆ ಹಿಡಿದು ಕರೆಂಟು ಹೋದ ಒಂದು ಮಧ್ಯಾಹ್ನ, ಮಗ ಯಾರೊಂದಿಗೋ ಕಂಪ್ಯೂಟರಿನಲ್ಲಿ ಗಂಭೀರವಾಗಿ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದಾಗ ಎಲ್ಲ ಒಮ್ಮೆಲೆ ಆರಿತು. “ಅಪ್ಪಾ, ಡಬ್ಬಿ!” ಎಂದು ಕೂಗಿದ. ಕೊಡೆ ಹಿಡಿದು ಓಡಿದೆ. ಫ್ಯೂಸು ಸರಿ ಇತ್ತು, ವಯರು ತಣ್ಣಗಿತ್ತು, ಬ್ಯಾಟರಿ ತುಂಬಿತ್ತು. ಟಾರ್ಚು ಹಾಕಿ ಸೀಟಿನ ಹಿಂದೆ ಬಗ್ಗಿ ನೋಡಿದೆ. ಡಬ್ಬಿಯ ಫ್ಯಾನು ಬಿಸಿಗಾಳಿ ಬಿಡುವ ಜಾಲರಿಯ ಮೇಲೆ, ನೀಟಾಗಿ ಮಡಚಿ, ಎರಡು ಬಟ್ಟೆ ಕ್ಲಿಪ್ಪು ಹಾಕಿ ಹರವಿದ ನನ್ನದೇ ಬನಿಯನ್ನು. ಉಸಿರು ಕಟ್ಟಿ ಡಬ್ಬಿ ಕಾದು ನಿಂತಿತ್ತು.

ಹಾಕಿದವರು ಯಾರು ಎಂದು ಕೇಳುವ ಧೈರ್ಯ ನನಗಿಲ್ಲ, ಮನೆಯಲ್ಲಿ ಮೂವರು ಹೆಂಗಸರಿದ್ದಾರೆ. ಮೆಲ್ಲಗೆ ತೆಗೆದು ಮುಟ್ಟಿ ನೋಡಿದೆ. ಒಣಗಿತ್ತು.